ಹಸಿರು ಶಾಯಿಯ ಕೊನೆಯ ಸಾಲು

ಹನ್ನೆರಡು ಮೇಣದಬತ್ತಿಗಳನ್ನು ಸಾಲಾಗಿ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸಮಾಜಕಾರ್ಯದ ಪ್ರಾಧ್ಯಾಪಕಿ ಡಾ. ಮಿರಿಯಮ್ ಹಾಲ್ಕಮ್ ಅವುಗಳಲ್ಲಿ ಒಂದನ್ನು ಎತ್ತಿ ಪೆಟ್ಟಿಗೆಗೆ ಹಾಕಿದರು.

"ಹನ್ನೊಂದು ಸಾಕು," ಎಂದರು. ಎಷ್ಟು ಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಸಾರ್ಜೆಂಟ್ ಐವಲೀ ಸ್ಟಿಡಮ್‌ಗೆ ಆ ಮಾತು ಹಿಡಿಸಲಿಲ್ಲ. ವಿಚಾರಣೆ ಇರುವುದು ಸಂಜೆ ನಾಲ್ಕಕ್ಕೆ. ಈಗಿನ್ನೂ ಬೆಳಗಿನ ಹನ್ನೊಂದು. ತೀರ್ಪಿಗೆ ಐದು ಗಂಟೆ ಮೊದಲೇ ವಿದ್ಯಾರ್ಥಿನಿ ರೋವೀನಾಳ ಪಾಲಿನ ಮೇಣದಬತ್ತಿ ಪೆಟ್ಟಿಗೆ ಸೇರಿತ್ತು.

ಸೋಮವಾರ ನಡೆದದ್ದು ಕ್ಯಾಂಪಸ್ಸಿಗೆಲ್ಲ ಗೊತ್ತಿತ್ತು. ಗಂಡನಿಂದ ತಪ್ಪಿಸಿಕೊಂಡು ಬದುಕುತ್ತಿದ್ದ ಲೊರೀನ್ ಸೈಜ್‌ಮೋರ್, ಕೆಲಸದ ಸಂದರ್ಶನಕ್ಕೆ ಬಟ್ಟೆ ಆರಿಸಿಕೊಳ್ಳಲು ಸಮಾಜಕಾರ್ಯ ಕ್ಲಬ್ಬಿನ ಉಚಿತ ಬಟ್ಟೆ ಕೋಣೆಗೆ ಬಂದಿದ್ದಳು. ಕಟ್ಟಡದ ಹಿಂದೆ ಗಂಡ ಕ್ಲಿಂಟ್ ತನ್ನ ಟ್ರಕ್ಕಿನಲ್ಲಿ ಕಾದು ಕುಳಿತಿದ್ದ. ಈಗ ಅವಳು ಮುರಿದ ದವಡೆಗೆ ತಂತಿ ಬಿಗಿಸಿಕೊಂಡು ಆಸ್ಪತ್ರೆಯಲ್ಲಿದ್ದಳು. ಅವನು ಬೆಟ್ಟದಲ್ಲೆಲ್ಲೋ ತಲೆಮರೆಸಿಕೊಂಡಿದ್ದ.

ಅವಳು ಸೋಮವಾರ ಹತ್ತಕ್ಕೆ ಬರುತ್ತಾಳೆಂದು ಅವನಿಗೆ ತಿಳಿಸಿದವರು ಯಾರು? ಭೇಟಿಯ ಪುಸ್ತಕ ಬೀಗದೊಳಗಿತ್ತು. ಬೀಗದ ಕೈ ಕ್ಲಬ್ಬಿನ ಕಾರ್ಯದರ್ಶಿ ರೋವೀನಾ ಟ್ಯಾಕೆಟ್ ಹತ್ತಿರ ಇತ್ತು. ಪುಸ್ತಕದಲ್ಲಿದ್ದ ಅಕ್ಷರವೂ ಅವಳದೇ. ಕೇಳಿದರೆ ಹುಡುಗಿ ನಾಲ್ಕು ದಿನದಿಂದ ತುಟಿ ಬಿಚ್ಚಿರಲಿಲ್ಲ.

ಇವತ್ತು ಕಾಲೇಜಿನ ಶಿಸ್ತು ಸಮಿತಿಯವರು ಅವಳದೇ ತಪ್ಪು ಎಂದರೆ ಪದವಿ ಇಲ್ಲ. ಮುಂದೆ ಈ ರಾಜ್ಯದಲ್ಲಿ ಸಮಾಜಕಾರ್ಯದ ಪರವಾನಗಿಯೂ ಇಲ್ಲ. ಏಳು ಸಾಕುಮನೆಗಳಲ್ಲಿ ಬೆಳೆದವಳು ರೋವೀನಾ. ತನ್ನನ್ನು ಮನೆಯಿಂದ ಮನೆಗೆ ಅಟ್ಟಿದ ಅದೇ ಕೌಂಟಿ ಮಕ್ಕಳ ಕಲ್ಯಾಣ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಅದೇ ಕೆಲಸವನ್ನು ನೆಟ್ಟಗೆ ಮಾಡಿ ತೋರಿಸಬೇಕು ಎನ್ನುವುದು ಬಿಟ್ಟರೆ ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ವೇದಿಕೆಯ ಮೇಲೆ ತಾಲೀಮು ನಡೆದಿತ್ತು. ಲ್ಯಾಂಟರ್ನ್ ಸಂಘಕ್ಕೆ ರೋವೀನಾಳೂ ಸೇರಿ ಹನ್ನೆರಡು ಹೊಸಬರನ್ನು ಸೇರಿಸಿಕೊಳ್ಳುವ ಸಮಾರಂಭ ಭಾನುವಾರ. ಸಮಾಜಕಾರ್ಯ ಮತ್ತು ಕ್ರಿಮಿನಲ್ ಜಸ್ಟಿಸ್, ಎರಡೂ ಇಲಾಖೆಗಳ ಅತಿ ಹೆಚ್ಚು ಅಂಕದವರಿಗಷ್ಟೇ ಆ ಗೌರವ ಸಂಘದಲ್ಲಿ ಜಾಗ. ಒಬ್ಬೊಬ್ಬರೂ ಒಂದೊಂದು ಮೇಣದಬತ್ತಿ ಹಚ್ಚಬೇಕು, ಪ್ರಮಾಣ ಮಾಡಬೇಕು, ದಪ್ಪ ಪುಸ್ತಕದಲ್ಲಿ ಸಹಿ ಹಾಕಬೇಕು. ಆಮೇಲೆ ಕೊರಳಿಗೆ ನೀಲಿ ಹಗ್ಗ.

"ಮಿಸ್ ಐವಲೀ, ಕಾಫಿ ತರ್ಲಾ? ಎರಡು ಸಕ್ಕರೆ ಅಲ್ವಾ?"

ಪಕ್ಕದಲ್ಲಿ ಬಂದು ಬಗ್ಗಿ ನಿಂತವನು ಪ್ರೆಸ್ಟನ್ ಕಾರ್ನೆಟ್, ಲ್ಯಾಂಟರ್ನ್ ಸಂಘದ ಅಧ್ಯಕ್ಷ. ಎರಡೂ ಇಲಾಖೆಗಳ ಪದವಿಗೆ ಒಟ್ಟಿಗೆ ಓದುತ್ತಿದ್ದವನು ಅವನೊಬ್ಬನೇ. ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು.

"ಬೇಡ ಮಗಾ. ಸಂಜೆ ವಿಚಾರಣೇಲಿ ಅವಳ ಪರ ಯಾರು ಕೂರ್ತಿದಾರೆ?"

"ನಾನೇ. ಅವಳಿಗೆ ಬೇರೆ ಯಾರಿದಾರೆ ಹೇಳಿ? ನಮ್ಮ ಸಂಘದವರೆಲ್ಲ ಹಿಂದೆ ಸರಿದ್ರು. ನಂಗೆ ಮನಸ್ಸು ಬರ್ಲಿಲ್ಲ."

"ಅವಳು ಏನಾದ್ರೂ ಬಾಯಿ ಬಿಟ್ಟಳಾ?"

ಪ್ರೆಸ್ಟನ್ ಇಲ್ಲವೆಂದು ತಲೆಯಾಡಿಸಿದ. "ಅವಳು ನಂಗೆ ಹೇಳಿದ್ರೂ ನಾನು ನಿಮ್ಹತ್ರ ಹೇಳೋ ಹಾಗಿಲ್ಲ ಅಲ್ವಾ ಮೇಡಂ."

ಒಳ್ಳೆಯ ಹುಡುಗ ಎನ್ನಿಸಿತು ಐವಲೀಗೆ. ಇಪ್ಪತ್ತೆರಡು ವರ್ಷ ಶೆರಿಫ್ ಕಚೇರಿಯಲ್ಲಿ ದುಡಿದು, ಕ್ಯಾಂಪಸ್ ಪೊಲೀಸಿಗೆ ಬಂದು ಎಂಟು ವರ್ಷವಾದರೂ, ಯಾರಾದರೂ ಒಳ್ಳೆಯವರು ಎನ್ನಿಸಿದ ಕೂಡಲೇ ಅವಳಿಗೆ ತನ್ನ ಬುದ್ಧಿಯ ಮೇಲೇ ಅನುಮಾನ ಬರುತ್ತಿತ್ತು. ಆದರೆ ಆ ಹೊತ್ತಿಗೆ ಅವಳ ಅನುಮಾನವೆಲ್ಲ ವೇದಿಕೆಯ ಮೇಲಿದ್ದ ಹಾಲ್ಕಮ್ ಮೇಲೆಯೇ ಇತ್ತು. ರೋವೀನಾಳ ಮೇಲೆ ದೂರು ಕೊಟ್ಟವರು ಅವರು. ಅವಳಿಗೆ ಪಾಠ ಹೇಳಿದವರೂ ಅವರೇ.

ಬಾಗಿಲ ಬಳಿ ಇನ್ನೊಬ್ಬ ಕೈಸನ್ನೆ ಮಾಡುತ್ತಿದ್ದ. ಗ್ರೇಡಿ ಫ್ಯೂಗೇಟ್, ಕ್ರಿಮಿನಲ್ ಜಸ್ಟಿಸ್ ಕ್ಲಬ್ಬಿನ ಕಾರ್ಯದರ್ಶಿ. ಆ ಕ್ಲಬ್ಬಿಗೆ ಐವಲೀಯೇ ಸಲಹೆಗಾರ್ತಿ. ಹುಡುಗನ ಮುಖ ಹಿಟ್ಟಿನ ಹಾಗೆ ಬಿಳಿಚಿಕೊಂಡಿತ್ತು.

"ಮಿಸ್ ಐವಲೀ, ಒಂಚೂರು ತಾಲೀಮು ಮನೆಗೆ ಬರ್ತೀರಾ?" ಎಂದ. "ಇಲ್ಲಿ ಬೇಡ."

ತಾಲೀಮು ಮನೆ ಎಂದರೆ ಹಳೆಯ ಅಧ್ಯಾಪಕರ ವಸತಿಗೃಹ. ಅಪರಾಧ ನಡೆದ ಜಾಗವನ್ನು ಪರಿಶೀಲಿಸುವುದು ಹೇಗೆಂದು ಕ್ಲಬ್ಬಿನ ಹುಡುಗರು ಅಲ್ಲಿ ಕಲಿಯುತ್ತಿದ್ದರು. ಒಳಗೆ ಹೋದರೆ ಅಡುಗೆಮನೆಯ ನೆಲದ ಮೇಲೆ ಬಣ್ಣದ ರಕ್ತ ಮೆತ್ತಿಕೊಂಡು ಬೊಂಬೆಯೊಂದು ಸದಾ ಸತ್ತು ಬಿದ್ದಿರುತ್ತಿತ್ತು. ಹುಡುಗರು ಅದಕ್ಕೆ ಹೋಬರ್ಟ್ ಮಾವ ಎಂದು ಹೆಸರಿಟ್ಟಿದ್ದರು.

ಗ್ರೇಡಿ ಮಾವನನ್ನು ದಾಟಿಕೊಂಡು ಹೋಗಿ ಕಪಾಟಿನಿಂದ ಸಾಕ್ಷ್ಯದ ಕಾಗದದ ಚೀಲವೊಂದನ್ನು ತೆಗೆದ. ಅದನ್ನು ಕೊಡಲಿಲ್ಲ. ಎದೆಗೆ ಒತ್ತಿ ಹಿಡಿದುಕೊಂಡ.

"ಮೊದ್ಲು ಬೈದ್ಬಿಡಿ," ಎಂದ.

"ಯಾಕೆ ಅಂತ ಗೊತ್ತಾಗದೆ ನಾನು ಯಾರಿಗೂ ಬೈಯಲ್ಲ. ಹೇಳು."

"ಹೋದ ಗುರುವಾರ ಕಸದ ತಾಲೀಮು ಮಾಡಿದ್ವಲ್ಲ. ಸಮಾಜಕಾರ್ಯದವರ ಕಾಗದದ ತೊಟ್ಟಿ."

ಐವಲೀಗೆ ನೆನಪಿತ್ತು. ಅನುಮತಿ ಕೊಟ್ಟವಳು ಅವಳೇ. ಅನುಮಾನಿತನ ಕಸ ಎತ್ತಿ ತಂದು ಒಂದೊಂದನ್ನೂ ಚೀಲಕ್ಕೆ ಹಾಕಿ, ಮುದ್ರೆ ಅಂಟಿಸಿ, ಹೆಸರು, ತಾರೀಖು, ಗಂಟೆ ಬರೆಯುವ ಅಭ್ಯಾಸ. ಮುಂದಿನ ಗುರುವಾರ ಚೀಲ ಬಿಚ್ಚಿ, ಒಳಗಿದ್ದದ್ದರಿಂದ ಏನೇನು ಊಹಿಸಬಹುದು ಎಂದು ವರದಿ ಬರೆಯಬೇಕು.

"ನೀಲಿ ತೊಟ್ಟಿ ಅಂತ ಹೇಳಿದ್ದೆ ನಾನು."

"ನೀಲಿ ತೊಟ್ಟೀಲಿ ಬರೀ ಪಿಜ್ಜಾ ಡಬ್ಬ ಮೇಡಂ. ಅದ್ರಿಂದ ಏನು ಊಹೆ ಮಾಡೋದು, ಹಸಿವಾಗಿತ್ತು ಅಂತಾನಾ?" ಗ್ರೇಡಿ ದನಿ ತಗ್ಗಿಸಿದ. "ಪಕ್ಕದ ಬೂದು ತೊಟ್ಟಿಗೆ ಬೀಗ ಹಾಕಿರ್ಲಿಲ್ಲ."

ಐವಲೀ ಕಣ್ಣು ಮುಚ್ಚಿಕೊಂಡಳು. ಬೂದು ತೊಟ್ಟಿಗೆ ಬೀಳುವುದು ಚೂರು ಮಾಡುವ ಯಂತ್ರಕ್ಕೆ ಹೋಗಬೇಕಾದ ಕಾಗದ. ನೆರವು ಕೇಳಿ ಬಂದವರ ಕಷ್ಟಸುಖವೆಲ್ಲ ಅದರಲ್ಲಿರುತ್ತದೆ. ಅದನ್ನು ಮುಟ್ಟಿದ್ದು ಗೊತ್ತಾದರೆ ಕ್ಲಬ್ಬು ಮುಚ್ಚಿಹೋಗುತ್ತಿತ್ತು. ಅವಳ ಕೆಲಸವೂ ಹೋಗುತ್ತಿತ್ತೇನೋ.

"ನಿನ್ನೆ ಬಿಚ್ಚಿದೆ. ಓದಿದೆ. ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ," ಎಂದು ಗ್ರೇಡಿ ಕೊನೆಗೂ ಚೀಲ ಮುಂದೆ ಹಿಡಿದ. "ಸುಟ್ಟುಬಿಡೋಣ ಅಂತಿದ್ದೆ. ಆದ್ರೆ ಮುದ್ರೆ ಮೇಲೆ ನಂದೇ ಹೆಸರಿತ್ತಲ್ಲ, ಕೈ ಬರ್ಲಿಲ್ಲ."

ಚೀಲದ ಮೇಲೆ ಅಚ್ಚುಕಟ್ಟಾಗಿ ಬರೆದಿತ್ತು: ಗುರುವಾರ, ಮಧ್ಯಾಹ್ನ ಮೂರು ಹದಿನೈದು. ಲೊರೀನ್ ಮೇಲೆ ಹಲ್ಲೆಯಾಗುವುದಕ್ಕೆ ನಾಲ್ಕು ದಿನ ಮೊದಲು.

ಒಳಗಿದ್ದದ್ದು ಎರಡು ಹಾಳೆಯ ಮಾತುಕತೆ ವರದಿ. ಸಮಾಜಕಾರ್ಯದ ಪ್ರತಿ ವಿದ್ಯಾರ್ಥಿಯೂ ವಾರಕ್ಕೊಂದು ಬರೆಯಲೇಬೇಕಾದ ಹೋಂವರ್ಕ್ ಅದು. ಒಂದು ಭೇಟಿಯಲ್ಲಿ ಯಾರು ಏನೆಂದರು ಎಂಬುದನ್ನು ಅಕ್ಷರ ಬಿಡದೆ ಎಡಕ್ಕೆ ಬರೆಯಬೇಕು. ಆಗ ತನಗೆ ಏನೆನ್ನಿಸಿತು ಎಂಬುದನ್ನು ನಡುವೆ. ಬಲಗಡೆಯ ಅಂಚು ಗುರುಗಳ ಟಿಪ್ಪಣಿಗೆ. ಓದಿ ಆದಮೇಲೆ ವಿದ್ಯಾರ್ಥಿಯೇ ಅದನ್ನು ಬೂದು ತೊಟ್ಟಿಗೆ ಹಾಕಬೇಕು.

ಮೇಲೆ ರೋವೀನಾಳ ಹೆಸರು. ಐವಲೀ ಹೋಬರ್ಟ್ ಮಾವನ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು ಓದತೊಡಗಿದಳು.

ಮಂಗಳವಾರ ಮಧ್ಯಾಹ್ನ ಟೋಪಿ ಹಾಕಿದ ಗಂಡಸೊಬ್ಬ ಬಟ್ಟೆ ಕೋಣೆಯ ಮೇಜಿನ ಮುಂದೆ ಬಂದು ನಿಂತಿದ್ದ. ಹೆಸರು ಹೇಳಿರಲಿಲ್ಲ. 'ನಮ್ಮೋಳು ಸೋಮವಾರ ಹತ್ತಕ್ಕೆ ಬರ್ತಾಳಲ್ಲ, ಯಾವ ಬಾಗಿಲಿಂದ ಬರ್ತಾಳೆ?' ಎಂದು ಕೇಳಿದ್ದ. 'ಅಂಥವರು ಇಲ್ಲಿಗೆ ಬರ್ತಾರೆ ಅಂತಾನೂ ಹೇಳೋ ಹಾಗಿಲ್ಲ, ಬರಲ್ಲ ಅಂತಾನೂ ಹೇಳೋ ಹಾಗಿಲ್ಲ,' ಎಂದಿದ್ದಳು ರೋವೀನಾ. ಆಮೇಲೆ ಅವನು ನಕ್ಕ. ಅವಳು ಸುಮ್ಮನಿದ್ದಳು. ಅವನು ಹೋದ.

ನಡುವಿನ ಅಂಕಣದಲ್ಲಿ ಅವಳ ಅನಿಸಿಕೆ: 'ಕೈ ತಣ್ಣಗಾಯಿತು. ದಿನ, ಗಂಟೆ ಎರಡೂ ಅವನಿಗೆ ಮೊದಲೇ ಗೊತ್ತು. ನನ್ನಿಂದಲ್ಲ. ಡಾ. ಹಾಲ್ಕಮ್, ಇದನ್ನು ನಿಮಗೆ ಇಲ್ಲೇ ಹೇಳುತ್ತಿದ್ದೇನೆ, ಅವಳ ಸಮಯ ಬದಲಾಯಿಸಬೇಕು. ದಯವಿಟ್ಟು.'

ಬಲಗಡೆ ಹಸಿರು ಶಾಯಿಯಲ್ಲಿ: 'ಇಲ್ಲಿ ಮೌನವನ್ನು ಎಷ್ಟು ಚೆನ್ನಾಗಿ ಬಳಸಿದ್ದೀಯ ಎಂಬುದು ನಿನಗೆ ಗೊತ್ತಾಯಿತೇ?' ಅದರ ಕೆಳಗೆ: 'ಈ ಭಯ ಅವನದೋ, ನಿನ್ನದೋ?' ಇನ್ನೂ ಕೆಳಗೆ: 'ಕುರ್ಚಿ ಎದುರಿಗಿರುವ ಬದಲು ಸ್ವಲ್ಪ ಓರೆಯಾಗಿದ್ದರೆ?'

ಹತ್ತಕ್ಕೆ ಹತ್ತು ಅಂಕ.

ಐವಲೀ ಆ ಅಂಕವನ್ನೇ ಬಹಳ ಹೊತ್ತು ನೋಡಿದಳು. ಒಬ್ಬ ಹುಡುಗಿ ತನಗೆ ಕಲಿಸಿದ ರೀತಿಯಲ್ಲೇ, ಕಲಿಸಿದ ಜಾಗದಲ್ಲೇ, ಕೂಗಿಕೊಂಡಿದ್ದಳು. ಆ ಕೂಗಿಗೆ ಗುರುಗಳು ಅಂಕ ಕೊಟ್ಟಿದ್ದರು. ಐವಲೀಗೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ನಿಂತಾಗ ಹೋಬರ್ಟ್ ಮಾವನ ಕೈ ತುಳಿದದ್ದೂ ಗೊತ್ತಾಗಲಿಲ್ಲ.

"ಇದು ರೋವೀನಾನ ಉಳಿಸುತ್ತೆ ಅಲ್ವಾ ಮೇಡಂ?" ಎಂದ ಗ್ರೇಡಿ.

"ಉಳಿಸಬಹುದು. ನಮ್ಮನ್ನ ಮುಳುಗಿಸಬಹುದು. ಬಾಯಿ ಮುಚ್ಕೊಂಡು ಇಲ್ಲೇ ಇರು."

ಹಾಲ್ಕಮ್ ಅವರ ಕೋಣೆಯಲ್ಲಿ ಕುರ್ಚಿಗಳು ಓರೆಯಾಗಿಯೇ ಇದ್ದವು. ಎದುರುಬದುರು ಕೂತರೆ ಬಂದವರು ಬೆದರುತ್ತಾರಂತೆ. ಐವಲೀ ತನ್ನ ಕುರ್ಚಿಯನ್ನು ಎಳೆದು ನೇರ ಅವರ ಎದುರಿಗೆ ಹಾಕಿಕೊಂಡು ಕುಳಿತಳು. ಗಡಿಯಾರದಲ್ಲಿ ಮೂರು ಇಪ್ಪತ್ತಾಗಿತ್ತು.

"ಮಧ್ಯಾಹ್ನದಿಂದ ನಿಮ್ಮನ್ನ ಹುಡುಕ್ತಿದೀನಿ ಡಾಕ್ಟ್ರೇ."

"ಸಮಿತಿಯವರ ಹತ್ರ ಇದ್ದೆ. ಕೂತ್ಕೊಳ್ಳಿ ಅನ್ನೋಕೆ ಮುಂಚೆ ಕೂತೇಬಿಟ್ರಿ. ಏನು ಬೇಕಿತ್ತು ಐವಲೀ?"

"ರೋವೀನಾ ನಿಮಗೆ ಏನಾದ್ರೂ ಹೇಳಿದ್ಲಾ? ಸೋಮವಾರಕ್ಕೆ ಮೊದಲು?"

"ಇಲ್ಲ. ಒಂದು ಮಾತು ಹೇಳಿದ್ರೂ ನಾನು ಅವಳ ಪರ ನಿಲ್ತಿದ್ದೆ."

"ಬರೆದೂ ಇಲ್ವಾ?"

"ಇದು ಯಾವ ಪ್ರಶ್ನೆ?"

ಐವಲೀ ಪಾರದರ್ಶಕ ಹೊದಿಕೆಯಲ್ಲಿಟ್ಟ ಮೊದಲ ಹಾಳೆಯನ್ನು ಮೇಜಿನ ಮೇಲಿಟ್ಟಳು. ಎರಡನೆಯದನ್ನು ತೊಡೆಯ ಮೇಲೆಯೇ ಇಟ್ಟುಕೊಂಡಳು. ಹಾಲ್ಕಮ್ ಕನ್ನಡಕ ಹಾಕಿಕೊಂಡು ಓದಿದರು. ಓದುತ್ತ ಓದುತ್ತ ಅವರ ಬೆರಳು ಹಸಿರು ಸಾಲುಗಳ ಮೇಲೆ ಬಂದು ನಿಂತಿತು.

"ಇದು ಎಲ್ಲಿ ಸಿಕ್ತು ನಿಮಗೆ? ಇದು ಚೂರಾಗಿರಬೇಕಿತ್ತು."

"ಮೊದ್ಲು ಅದನ್ನೇ ಕೇಳ್ತೀರಿ ಅಂತ ಗೊತ್ತಿತ್ತು ನಂಗೆ."

"ಇದು ಗುಟ್ಟಿನ ಕಾಗದ, ಐವಲೀ. ಇದನ್ನ ಮುಟ್ಟೋ ಅಧಿಕಾರ ನಿಮಗಿಲ್ಲ."

"ಇಲ್ಲ. ಅದಕ್ಕೆ ಆಮೇಲೆ ನನ್ನ ಮೇಲೂ ದೂರು ಕೊಡಿ. ಈಗ ಹೇಳಿ. ಹುಡುಗಿ ದಯವಿಟ್ಟು ಅಂತ ಬರ್ದಿದಾಳೆ. ನೀವು ಕುರ್ಚಿ ಬಗ್ಗೆ ಬರ್ದಿದೀರಿ. ಮಂಗಳವಾರ ಅವನು ಬಂದ, ಬುಧವಾರ ಅವಳು ಬರ್ದುಕೊಟ್ಳು, ಸೋಮವಾರ ಲೊರೀನ್ ದವಡೆ ಮುರೀತು. ಇವತ್ತು ಶುಕ್ರವಾರ, ನೀವು ಆ ಹುಡುಗಿ ಮೇಣದಬತ್ತಿ ಎತ್ತಿ ಪೆಟ್ಟಿಗೆಗೆ ಹಾಕಿದ್ರಿ."

ಹಾಲ್ಕಮ್ ಕನ್ನಡಕ ತೆಗೆದರು. ಐವಲೀ ಕಾದಳು, ಸುಮ್ಮನೆ ಕೂರುವುದು ಪೊಲೀಸಿನವರಿಗೂ ಬರುತ್ತದೆ.

"ಮೂವತ್ತೊಂದು ವರದಿ ಇದ್ವು ಅವತ್ತು," ಎಂದರು ಕೊನೆಗೆ. "ಪ್ರತಿಯೊಂದ್ರಲ್ಲೂ ಯಾರಿಗೋ ಭಯ, ಯಾರೋ ದಯವಿಟ್ಟು ಅಂತಾರೆ. ಮೂವತ್ತು ವರ್ಷದಿಂದ ಓದ್ತಿದೀನಿ. ನಾನು ಅದಕ್ಕೆ ಅಂಕ ಹಾಕಿದೆ, ಐವಲೀ. ಓದ್ಲಿಲ್ಲ." ಮರುಕ್ಷಣವೇ ನೆಟ್ಟಗೆ ಕುಳಿತರು. "ಆದ್ರೆ ಇದ್ರಿಂದ ಅವಳು ಕ್ಲಿಂಟ್‌ಗೆ ಹೇಳಿಲ್ಲ ಅಂತ ಹೇಗೆ ಸಾಬೀತಾಗುತ್ತೆ? ತಾನೇ ಹೇಳಿ, ಆಮೇಲೆ ಹೆದರಿ ಹೀಗೆ ಬರ್ದಿರಬಹುದು."

"ಅಬ್ಬಾ. ಆ ಮಾತು ನಿಮಗೂ ಹೊಳೀತು, ನಂಗೂ ಹೊಳೀತು. ನಂಗೆ ಹೊಳೆಯೋದು ಸಹಜ, ನಾನು ಪೊಲೀಸು. ಅವಳನ್ನ ನಾಲ್ಕು ವರ್ಷ ನೋಡಿದೋರು ನೀವು."

ಅವರು ಮುಖ ತಿರುಗಿಸಿದರು. ಐವಲೀಯ ಅನುಮಾನ ಇನ್ನೂ ತಗ್ಗಿರಲಿಲ್ಲ. ಮರೆವು ಒಂದು, ಮುಚ್ಚಿಡುವುದು ಇನ್ನೊಂದು. ಹಾಳೆ ಎರಡನ್ನೂ ಓದಿದ ಅವಳಿಗೆ ಇವರು ಮುಚ್ಚಿಟ್ಟಿದ್ದಾರೆ ಎಂದೇ ಖಾತ್ರಿಯಿತ್ತು. ಎರಡನೆಯ ಹಾಳೆಯನ್ನು ಮೇಜಿನ ಮೇಲೆ ಸರಿಸಿದಳು.

"ಓದ್ಲಿಲ್ಲ ಅಂತೀರಲ್ಲ. ಹಾಗಾದ್ರೆ ಇದೇನು?"

ಎರಡನೆಯ ಹಾಳೆಯ ಕೊನೆಯಲ್ಲಿ, ಅಂಕದ ಕೆಳಗೆ, ಅದೇ ಹಸಿರು ಶಾಯಿಯಲ್ಲಿ ಇನ್ನೆರಡು ಸಾಲುಗಳಿದ್ದವು. 'ಸಮಯ ಬದಲಾಯಿಸಿಯಾಗಿದೆ. ಇದು ನೆರವಿಗೆ ಬಂದವಳ ಗುಟ್ಟು. ಇನ್ನು ಯಾರ ಬಳಿಯೂ, ನನ್ನ ಬಳಿಯೂ, ಈ ಮಾತು ಎತ್ತಬೇಡ.'

ಹಾಲ್ಕಮ್ ಅದನ್ನು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಇದು ನಂದಲ್ಲ."

"ಹಸಿರು ಶಾಯಿ."

"ನಮ್ಮ ಇಲಾಖೇಲಿ ಎಲ್ಲರದ್ದೂ ಹಸಿರೇ. ಕೆಂಪು ಬಳಸಿದ್ರೆ ಮಕ್ಕಳ ಮನಸ್ಸಿಗೆ ನೋವಾಗುತ್ತೆ ಅಂತ ನಾವೇ ನಿಯಮ ಮಾಡಿದ್ವಿ. ಪೆಟ್ಟಿಗೆಗಟ್ಟಲೆ ಬಿದ್ದಿದಾವೆ." ಅವರು ಹಾಳೆಯನ್ನು ಐವಲೀ ಕಡೆ ತಿರುಗಿಸಿದರು. "ನನ್ನ ಸಾಲು ನೋಡಿ. ಒಂದೊಂದೂ ಪ್ರಶ್ನೆ. ನಾನು ಯಾರಿಗೂ ಹೀಗೆ ಮಾಡು, ಹಾಗೆ ಮಾಡ್ಬೇಡ ಅಂತ ಬರೆಯಲ್ಲ. ಹುಡುಗ್ರು ನನ್ನನ್ನ ಆಡ್ಕೋತಾರೆ ಅದಕ್ಕೆ, ಡಾಕ್ಟರ್ ಪ್ರಶ್ನಾರ್ಥಕ ಅಂತ. ಈ ಎರಡು ಸಾಲು ಅಪ್ಪಣೆ."

ಐವಲೀ ಬಗ್ಗಿ ನೋಡಿದಳು. ತಾಲೀಮು ಮನೆಯಲ್ಲಿ ಸಿಟ್ಟಿನ ಭರದಲ್ಲಿ ಇದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಹೌದು, ಅಪ್ಪಣೆಯೇ. ಅಕ್ಷರಗಳನ್ನು ಹೋಲುವಂತೆ ಬರೆಯಲು ಯಾರೋ ಸಾಕಷ್ಟು ಕಷ್ಟಪಟ್ಟಿದ್ದರು. ಬುದ್ಧಿಯನ್ನು ಹೋಲುವಂತೆ ಬರೆಯಲು ಬಂದಿರಲಿಲ್ಲ.

ತನ್ನ ಅನುಮಾನ ತಪ್ಪು ಕಡೆ ನೆಟ್ಟಿತ್ತು ಎನ್ನುವುದು ಅವಳಿಗೆ ಆಗ ಹೊಳೆಯಿತು. ಅದರಿಂದ ನಾಚಿಕೆಯಾಯಿತು. ನಾಚಿಕೆಗೆ ಹೊತ್ತಿರಲಿಲ್ಲ.

"ಅಂಕ ಹಾಕಿದ್ದು ಯಾವಾಗ?"

"ಬುಧವಾರ ಸಂಜೆ. ಗುರುವಾರ ಎಂಟಕ್ಕೆ ಟಪಾಲು ಟ್ರೇಲಿ ಇಟ್ಟೆ. ಒಂಬತ್ತಕ್ಕೆಲ್ಲ ವಿದ್ಯಾರ್ಥಿಗಳ ಟಪಾಲು ಗೂಡಿಗೆ ಸೇರಿರುತ್ತೆ."

"ಗೂಡಿಗೆ ಹಾಕೋರು ಯಾರು?"

"ಲ್ಯಾಂಟರ್ನ್ ಸಂಘದವರು. ಸೇವೆಯ ಗಂಟೆ ಅಂತ ಲೆಕ್ಕಕ್ಕೆ ಸೇರುತ್ತೆ ಅವರಿಗೆ. ಈ ಸಲ..." ಹಾಲ್ಕಮ್ ಮಾತು ನಿಲ್ಲಿಸಿದರು. "ಈ ಸಲ ಪ್ರೆಸ್ಟನ್ ಒಬ್ಬನೇ ಮಾಡ್ತಿದಾನೆ. ಬೇರೆಯವರಿಗೆ ಪರೀಕ್ಷೆ ಇದೆ, ನಾನೇ ನೋಡ್ಕೊತೀನಿ ಅಂದ. ಅವನಿಗೆ ನಾನೇ ಶಿಫಾರಸು ಪತ್ರ ಬರ್ಕೊಟ್ಟಿದೀನಿ, ಐವಲೀ."

"ಭೇಟಿಯ ಪುಸ್ತಕ ಅವನ ಕೈಗೆ ಸಿಗುತ್ತಾ?"

"ಕ್ಲಬ್ಬಿನ ಬೀಗದ ಕೈಗಳ ಇನ್ನೊಂದು ಜೊತೆ ಸಂಘದ ಕಪಾಟಿನಲ್ಲಿರುತ್ತೆ. ಅಧ್ಯಕ್ಷನ ಹತ್ರ."

"ಅದನ್ನ ನಾಲ್ಕು ದಿನದಿಂದ ಯಾರೂ ಹೇಳ್ಲಿಲ್ವಲ್ಲ ನಂಗೆ."

"ನೀವು ಕ್ಲಬ್ಬಿನವರ ಹತ್ರ ಎಷ್ಟು ಬೀಗದ ಕೈ ಅಂತ ಕೇಳಿದ್ರಿ. ಒಂದೇ."

ಐವಲೀ ಹಾಳೆಗಳನ್ನು ಎತ್ತಿಕೊಂಡಳು. "ನಾಲ್ಕಕ್ಕೆ ವಿಚಾರಣೆಗೆ ಬಂದು ಇದನ್ನೇ ಹೇಳ್ತೀರಾ? ನಾನು ಓದಿರ್ಲಿಲ್ಲ ಅಂತ?"

ಹಾಲ್ಕಮ್ ಕಿಟಕಿಯ ಕಡೆ ನೋಡುತ್ತಿದ್ದರು. "ಅದನ್ನ ಹೇಳಿದ್ರೆ ನನಗಿಲ್ಲಿ ಏನು ಉಳಿಯುತ್ತೆ?" ಎಂದರು. ಆಗಲೂ ಪ್ರಶ್ನೆಯೇ. ಐವಲೀ ಉತ್ತರಕ್ಕೆ ಕಾಯದೆ ಹೊರಬಿದ್ದಳು.

ವಿಚಾರಣೆಯ ಕೋಣೆ ಇದ್ದದ್ದು ಬೆಟ್ಟದ ಮೇಲಿನ ಹಳೇ ಆಡಳಿತ ಕಟ್ಟಡದಲ್ಲಿ. ಐವಲೀ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಾಗ ನಾಲ್ಕಕ್ಕೆ ಹದಿನೈದು ನಿಮಿಷವಿತ್ತು. ಮುಚ್ಚಿದ ಬಾಗಿಲ ಹೊರಗೆ ಬೆಂಚಿನ ಮೇಲೆ ರೋವೀನಾ ಒಬ್ಬಳೇ ಕುಳಿತಿದ್ದಳು. ಬಟ್ಟೆ ಕೋಣೆಯಿಂದಲೇ ಆರಿಸಿಕೊಂಡಂತಿದ್ದ, ತೋಳು ಉದ್ದವಾದ ಬೂದು ಕೋಟು. ಮೊಣಕಾಲ ಮೇಲೆ ಜೋಡಿಸಿಟ್ಟ ಕೈ.

ಐವಲೀ ಅವಳ ಪಕ್ಕ ಕುಳಿತು, ಎರಡನೆಯ ಹಾಳೆಯನ್ನು ಅವಳ ಮುಂದೆ ಹಿಡಿದಳು.

ಹುಡುಗಿ ಬೆಚ್ಚಿದಳು. "ಇದನ್ನ ತೊಟ್ಟಿಗೆ ಹಾಕಿದ್ದೆ."

"ಗೊತ್ತು. ಕೊನೇ ಸಾಲು ಓದಿದ್ದೆ ತಾನೆ?"

ರೋವೀನಾ ಕೋಟಿನ ತೋಳನ್ನು ಬೆರಳಿನ ತನಕ ಎಳೆದುಕೊಂಡಳು.

"ನೋಡು ಮಗಳೇ, ನಾನು ಗುಟ್ಟಿನ ಮಾತು ಕೇಳ್ತಿಲ್ಲ. ಲೊರೀನ್ ಬಗ್ಗೆ ಒಂದಕ್ಷರ ಹೇಳ್ಬೇಡ. ಒಂದು ಮಾತು ಮಾತ್ರ ತಿಳ್ಕೋ. ಆ ಎರಡು ಸಾಲು ಹಾಲ್ಕಮ್ ಬರೆದದ್ದಲ್ಲ."

ಮೊದಲು ಅವಳ ಮುಖದಲ್ಲಿ ಏನೂ ಆಗಲಿಲ್ಲ. ಆಮೇಲೆ ಕಣ್ಣು ತುಂಬಿಕೊಂಡಿತು. ಅದನ್ನು ಅವಳು ಕೋಟಿನ ತೋಳಿನಿಂದ ಒರಟಾಗಿ ಒರೆಸಿಕೊಂಡಳು.

"ಬದಲಾಯಿಸಿದಾರೆ ಅಂತ ನಂಬಿದ್ದೆ ನಾನು," ಎಂದಳು. "ಸೋಮವಾರ ಲೊರೀನ್ ಬಂದೇಬಿಟ್ಟಾಗ, ಅವ್ರು ಮರ್ತಿರ್ಬೇಕು ಅನ್ಕೊಂಡೆ. ನನ್ನನ್ನ ಇಲ್ಲಿಗೆ ಸೇರಿಸ್ಕೊಂಡೋರು ಅವ್ರು. ಅವ್ರ ಮೇಲೆ ಹೇಗೆ ಹೇಳ್ಲಿ ಮಿಸ್ ಐವಲೀ? ಕಾಗದಾನೂ ಇಲ್ಲ. ಹೇಳಿದ್ರೂ ಯಾರು ನಂಬ್ತಾರೆ ನನ್ನಂಥೋಳನ್ನ?"

"ಸುಮ್ನೆ ಇರು ಅಂತ ಬೇರೆ ಯಾರಾದ್ರೂ ಹೇಳಿದ್ರಾ?"

"ಪ್ರೆಸ್ಟನ್. ದಿನಾ ಹೇಳ್ತಾನೆ. ವಿಚಾರಣೇಲಿ ಬಾಯಿ ಬಿಡಲೇಬೇಡ, ಇದು ನೆರವಿಗೆ ಬಂದವಳ ಗುಟ್ಟು, ಅಷ್ಟು ಹೇಳಿದ್ರೆ ಸಾಕು, ಉಳಿದದ್ದು ನಾನು ನೋಡ್ಕೊತೀನಿ ಅಂತ."

"ಅವನಿಗೆ ಈ ಕಾಗದದ ವಿಷ್ಯ ಹೇಳಿದ್ದೀಯಾ?"

"ಇಲ್ಲ. ಯಾರಿಗೂ ಹೇಳಿಲ್ಲ." ಹೇಳುತ್ತಲೇ ರೋವೀನಾ ನಿಧಾನವಾಗಿ ತಲೆಯೆತ್ತಿದಳು. ಹಾಳೆಯಲ್ಲಿದ್ದ ಮಾತನ್ನೇ ಪ್ರೆಸ್ಟನ್ ಆಡಿದ್ದ; ಅವಳು ದಡ್ಡಿಯಾಗಿರಲಿಲ್ಲ.

"ಎಲ್ಲಿ ಅವನು? ನಿನ್ನ ಪಕ್ಕ ಕೂರ್ಬೇಕಿತ್ತಲ್ಲ?"

"ಆಸ್ಪತ್ರೇಲಿ." ಧ್ವನಿ ಪಿಸುಮಾತಿನಷ್ಟಾಗಿತ್ತು. "ಶೆರಿಫ್ ಹುಡುಗ್ರೆಲ್ಲ ಕ್ಲಿಂಟ್‌ನ ಹುಡುಕೋಕೆ ಬೆಟ್ಟಕ್ಕೆ ಹೋಗಿದಾರಲ್ಲ, ಲೊರೀನ್ ಹತ್ರ ಕೂರೋಕೆ ಜನ ಇಲ್ಲ. ನಾವೇ ಪಾಳಿ ಹಾಕ್ಕೊಂಡಿದೀವಿ. ಇವತ್ತು ಮಧ್ಯಾಹ್ನ ನಂದು. ನಿಂಗೆ ವಿಚಾರಣೆ ಇದೆಯಲ್ಲ, ನಾನೇ ಹೋಗ್ತೀನಿ ಅಂತ ಅವ್ನು ಬದಲಾಯಿಸ್ಕೊಂಡ. ಐದಕ್ಕೆ ವೈದ್ಯರು ಅವಳ ಕೈಗೆ ಹಲಗೆ, ಬಳಪ ಕೊಡ್ತಾರಂತೆ. ಬರೆದು ಹೇಳೋಕೆ."

ಐವಲೀ ಎದ್ದು ನಿಂತಿದ್ದಳು. ಆಸ್ಪತ್ರೆಗೆ ಬೆಟ್ಟದ ರಸ್ತೆಯಲ್ಲಿ ಇಪ್ಪತ್ತು ನಿಮಿಷ. ಶೆರಿಫ್ ಕಚೇರಿಗೆ ಫೋನು ಮಾಡಿದರೆ, ಹತ್ತಿರದ ಗಾಡಿಯೇ ನಲವತ್ತು ನಿಮಿಷ ದೂರದಲ್ಲಿದೆ ಎಂದರು. ಹೊರಡಿಸುತ್ತೇವೆ ಎಂದರು.

ಬಾಗಿಲು ತೆರೆಯಿತು. ಸಮಿತಿಯ ಗುಮಾಸ್ತೆ ಕಾಗದ ನೋಡಿಕೊಂಡು ಓದಿದಳು. "ರೋವೀನಾ ಟ್ಯಾಕೆಟ್. ಸಮಿತಿಯವರೆಲ್ಲ ಬಂದಾಯ್ತು, ಹತ್ತು ನಿಮಿಷ ಮೊದಲೇ ಶುರು ಮಾಡ್ತಾರಂತೆ. ಒಳಗೆ ಬಾಮ್ಮ."

ಐವಲೀ ಹಾಳೆಗಳನ್ನು ಹುಡುಗಿಯ ಕೈಗೆ ತುರುಕಿದಳು. "ಇದನ್ನ ತೋರ್ಸು. ಎಲ್ಲಾ ಹೇಳು. ನಾನು ಆಸ್ಪತ್ರೆಗೆ ಹೋಗ್ತೀನಿ."

"ನಿಮ್ಮನ್ನ ಒಳಗೆ ಬಿಡಲ್ಲ." ರೋವೀನಾ ಹಾಳೆಗಳನ್ನು ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡಳು. "ಕ್ಯಾಂಪಸ್ ಬಿಲ್ಲೆಗೆ ಅಲ್ಲಿ ಬೆಲೆ ಇಲ್ಲ. ಒಳಗೆ ಹೋಗೋರ ಪಟ್ಟೀಲಿ ಇರೋದು ಎರಡೇ ಹೆಸರು, ಅವಂದು ನಂದು."

"ಈಗ ಒಳಗೆ ಹೋಗ್ಲಿಲ್ಲ ಅಂದ್ರೆ ನೀನಿಲ್ಲದೇ ತೀರ್ಪು ಕೊಡ್ತಾರೆ. ಗೊತ್ತಾ?"

"ಗೊತ್ತು."

"ನಾಲ್ಕು ವರ್ಷ ಕಣೇ."

"ಗೊತ್ತು ಅಂದ್ನಲ್ಲ ಮಿಸ್ ಐವಲೀ. ನಡೀರಿ."

ಗುಮಾಸ್ತೆ ಇನ್ನೊಮ್ಮೆ ಹೆಸರು ಕೂಗಿದಳು. ಆಗಲೇ ಇಬ್ಬರೂ ಮೆಟ್ಟಿಲಿನ ಅರ್ಧದಲ್ಲಿದ್ದರು. ಗಾಡಿ ಗೇಟು ದಾಟುವಷ್ಟರಲ್ಲಿ ರೋವೀನಾ ಐವಲೀಯ ಫೋನಿನಿಂದ ಆಸ್ಪತ್ರೆಯ ಮೂರನೇ ಮಹಡಿಗೆ ಕರೆ ಹಚ್ಚಿದ್ದಳು. ದಾದಿಯ ಧ್ವನಿ ಗಾಡಿಯ ತುಂಬ ಕೇಳಿಸಿತು.

"ನಾನು ರೋವೀನಾ ಟ್ಯಾಕೆಟ್, ಲೊರೀನ್ ಹತ್ರ ಪಾಳಿಗೆ ಬರೋಳು. ದಯವಿಟ್ಟು ಈಗ್ಲೇ ಅವಳ ಕೋಣೆಗೆ ಹೋಗಿ. ಅವಳೊಬ್ಬಳನ್ನೇ ಬಿಡ್ಬೇಡಿ."

"ಒಬ್ಬಳೇ ಇಲ್ಲ ಕಣಮ್ಮ. ನಿಮ್ಮ ಪ್ರೆಸ್ಟನ್ ಇದಾನೆ. ಗುಟ್ಟಿನ ಮಾತಿದೆ, ಯಾರೂ ಬರ್ಬೇಡಿ ಅಂತ ಬಾಗಿಲು ಹಾಕ್ಕೊಂಡಿದಾನೆ."

"ಬಾಗಿಲು ತೆಗೀರಿ. ಪಟ್ಟೀಲಿ ನನ್ನ ಹೆಸರಿದೆ, ನಾನು ಹೇಳ್ತಿದೀನಿ."

ಕಾಗದ ಮಗುಚುವ ಸದ್ದು. "ಎಲ್ಲಿದೆ? ನಿನ್ನ ಹೆಸರು ಹೊಡೆದು ಹಾಕಿದೆಯಲ್ಲ. ನಿನ್ನನ್ನ ಕಾಲೇಜಿಂದ ತೆಗೆದ್ರು ಅಂತ ಒಂದು ಗಂಟೆಗೇ ಆ ಹುಡುಗ ಬಂದು ಹೇಳಿದ. ನಿನ್ನ ಬದ್ಲು ಬೇರೆಯವರನ್ನ ಬರೆಸಿದಾನೆ. ಆ ಟೋಪಿ ಮನುಷ್ಯಾನೂ ಈಗ ಒಳಗೇ ಇದಾನೆ."

ರೋವೀನಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಯಾರು? ಏನು ಹೆಸರು?"

"ಅದನ್ನ ಹೇಳೋ ಹಾಗಿಲ್ಲಮ್ಮ," ಎಂದಳು ದಾದಿ. "ನೀನೀಗ ಪಟ್ಟೀಲಿಲ್ಲ."